ನಿಂತ ಬೇಸಿಗೆ

ಏಪ್ರಿಲ್ ೧೪, ಸೋಮವಾರ

ಶಾವಿಗೆ ಇವತ್ತೂ ಮುಗಿಯಲಿಲ್ಲ. ನಾಳೆಗೂ ಇದೆ.

ಬೆಳಿಗ್ಗೆ ಆರಕ್ಕೇ ಶುರು. ಅತ್ತೆ ಹಿಟ್ಟು ನಾದಿ ಉಂಡೆ ಮಾಡಿಕೊಡುವುದು, ಕೃತಿಕಾ ಯಂತ್ರ ತಿರುಗಿಸುವುದು, ನಾನು ಎಳೆಗಳನ್ನು ಕೋಲಿಗೆ ಹಾಕಿಕೊಂಡು ಮಾಳಿಗೆಗೆ ಒಯ್ಯುವುದು. ಮಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹಾಡಿನ ತಾಳಕ್ಕೆ ತಿರುಗಿಸುತ್ತಾಳೆ. ಹಾಡು ಜೋರಾದರೆ ಎಳೆ ತುಂಡು. ಅತ್ತೆ ಬೈಯುತ್ತಾರೆ, ಅವಳಿಗೆ ಕೇಳಿಸುವುದಿಲ್ಲ.

"ಹಂಗೆ ತಿರುವಿದ್ರೆ ಶಾವಿಗಿ ಅಲ್ಲವ್ವ, ಮಂಡಕ್ಕಿ ಆಗ್ತಾವೆ."

ಹತ್ತು ಗಂಟೆಗೆಲ್ಲ ನಿಜಲಿಂಗಪ್ಪ ಬಡಾವಣೆಯ ಮಾಳಿಗೆಗಳು ಬಿಳಿ ಬಿಳಿ. ಯಾರದೋ ಹಪ್ಪಳ, ಯಾರದೋ ಸಂಡಿಗೆ. ನಮ್ಮ ಶಾವಿಗೆಯ ಸಾಲುಗಳ ನಡುವೆ ಸುಮ್ಮನೆ ನಿಂತೆ. ಗಾಳಿಗೆ ಮೆಲ್ಲಗೆ ಅಲ್ಲಾಡುತ್ತಿದ್ದವು. ಬಿಸಿಲು ಸೋಸಿ ಬರುತ್ತಿತ್ತು. ಎಷ್ಟು ಹೊತ್ತು ನಿಂತೆನೋ... ಕೆಳಗಿನಿಂದ ಅತ್ತೆ ಕೂಗಿದಾಗ ತಲೆ ಗಿರ್ರೆಂದಿತು. ಗೋಡೆ ಹಿಡಿದುಕೊಂಡೆ.

ಬಿಸಿಲಿಗೇ ಇರಬೇಕು.

ಇಳಿಯುವಾಗ ಮೆಟ್ಟಿಲ ಮೇಲೆ ನೆನಪಾಯಿತು. ಈ ತಿಂಗಳು ಆಗಿಲ್ಲ. ಹೋದ ತಿಂಗಳೂ ಇಲ್ಲ. ಪರೀಕ್ಷೆ, ಪೇಪರ್, ವ್ಯಾಲ್ಯುಯೇಷನ್ ಅಂತ ಸ್ಕೂಲಿನ ಗಡಿಬಿಡಿಯಲ್ಲಿ ಗಮನಿಸಿಯೇ ಇರಲಿಲ್ಲ. ನಲವತ್ತನಾಲ್ಕು ವಯಸ್ಸು ನನಗೆ. ಹದಿನೇಳರ ಮಗಳು. ಛೆ, ಏನೇನೋ ಯೋಚನೆ.

ಏಪ್ರಿಲ್ ೧೭, ಗುರುವಾರ. ಮಧ್ಯಾಹ್ನ

ನಲ್ಲಿಯಲ್ಲಿ ನೀರು ಬಂತು. ಡ್ರಮ್ಮು, ಕೊಡ, ಬಕೆಟ್ಟು, ಕೊನೆಗೆ ಅತ್ತೆಯ ಹಳೆಯ ತಾಮ್ರದ ಹಂಡೆಯೂ ತುಂಬಿತು. ಇವರು ಅಂಗಡಿಗೆ ಹೊರಟರು. ಲಗ್ನದ ಸೀಸನ್, ಪಾತ್ರೆ ಅಂಗಡಿಯಲ್ಲಿ ಕೂರಲೂ ಪುರಸೊತ್ತಿಲ್ಲ. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ "ಬರ್ತೀನಿ" ಅಂದರು. ಬಾಗಿಲಿಗೆ ಹೇಳಿದ ಹಾಗೆ. ಎಷ್ಟೋ ವರ್ಷದಿಂದ ಬಾಗಿಲಿಗೇ ಹೇಳುತ್ತಾರೆ. ಜಗಳವೇನಿಲ್ಲ. ಅಭ್ಯಾಸ.

ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದೆ. ವಾಸನೆ ಮೂಗಿಗೆ ಬಡಿದದ್ದೇ ಬಚ್ಚಲಿಗೆ ಓಡಿದೆ. ಒಂದಿಷ್ಟು ಹುಳಿನೀರು, ಅಷ್ಟೇ. ಮುಖ ತೊಳೆದು ಹೊರಬಂದರೆ ಅತ್ತೆ ಒಲೆ ಮುಂದೆ ನಿಂತು ಸಾರು ತಿರುವುತ್ತಿದ್ದರು.

ಊಟ ಆದಮೇಲೆ ಮಲಗಿದೆ. ಕನಸು. ಹಿತ್ತಲ ಮೆಟ್ಟಿಲ ಮೇಲೆ ಯಾರೋ ಪುಟ್ಟದು ನನಗೆ ಬೆನ್ನು ಹಾಕಿ ಕೂತಿದೆ. ಬಟ್ಟಲಲ್ಲಿ ಬೆಲ್ಲದ ನೀರು, ಅದಕ್ಕೆ ಬೆರಳು ಅದ್ದಿ ಅದ್ದಿ ಚೀಪುತ್ತಿದೆ. ಕೂದಲು ತೆಳ್ಳಗೆ, ಕತ್ತಿನ ಹತ್ತಿರ ಬೆವರಿಗೆ ಅಂಟಿಕೊಂಡಿದೆ. ಮುಖ ಕಾಣಲಿಲ್ಲ. ಕರೆಯೋಣ ಅಂದರೆ ಹೆಸರು ಗೊತ್ತಿಲ್ಲ.

ಎದ್ದ ಮೇಲೂ ಸ್ವಲ್ಪ ಹೊತ್ತು ಬಾಯಲ್ಲಿ ಬೆಲ್ಲದ ರುಚಿ.

ಏಪ್ರಿಲ್ ೨೨

ಮಧ್ಯಾಹ್ನ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ತಟ್ಟೆ. ಹುಳಿ ಮಾವಿನಕಾಯಿಯ ಹೋಳು, ಉಪ್ಪು, ಕೆಂಪು ಖಾರ. ಉಪ್ಪಿನಕಾಯಿಗೆ ತಂದಿದ್ದರಲ್ಲಿ ಆರಿಸಿ ಹೆಚ್ಚಿದ್ದಾರೆ. ಅತ್ತೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು.

"ಎಷ್ಟಾತು?"

"ಏನು ಅತ್ತೆ?"

"ನಂಗೂ ಕಣ್ಣು ಐತೆ ಸುಧಾ."

ಎರಡು ತಿಂಗಳು ಇರಬಹುದು ಅಂದೆ. ಬಾಯಿಂದ ಮಾತು ಹೊರಗೆ ಬಿದ್ದ ಮೇಲೆ ಅದು ನಿಜ ಅನ್ನಿಸತೊಡಗಿತು. ಅತ್ತೆ ಬಂದು ಮಂಚದ ಅಂಚಿನಲ್ಲಿ ಕೂತರು. ಅಕ್ಕನಾಗಮ್ಮ ಅಂದರೆ ನೆಂಟರೆಲ್ಲ ಹೆದರುತ್ತಾರೆ, ಅಂಥ ಮಾತು. ಇವತ್ತು ನನ್ನ ಪಾದ ತಮ್ಮ ತೊಡೆಯ ಮೇಲೆ ಎಳೆದುಕೊಂಡು ಹಿಮ್ಮಡಿ ಒತ್ತಿದರು. ಬ್ಯಾಡ್ರಿ ಅಂದೆ. ಬಿಡಲಿಲ್ಲ.

"ನಾಚ್ಕಿ ಬ್ಯಾಡ. ಯಾರಿಗೆ ಏನು? ನಮ್ಮ ಮನಿ, ನಮ್ಮ ಕೂಸು."

ಮಾವಿನಕಾಯಿ ಅಷ್ಟನ್ನೂ ತಿಂದೆ. ಹಲ್ಲು ಚುಳ್ಳೆಂದಿತು.

ಏಪ್ರಿಲ್ ೨೭, ಭಾನುವಾರ. ಸಂಜೆ

ಹರಿಹರಕ್ಕೆ ಹೋಗಿ ಬಂದೆವು, ನಾನೂ ಇವರೂ. ತಮ್ಮನ ಮಗನಿಗೆ ಅನ್ನ ಉಣಿಸುವ ಶಾಸ್ತ್ರ. ಹೋಗುವಾಗ ಸ್ಕೂಟರನ್ನು ಯಾವಾಗಿನಂತೆಯೇ ಓಡಿಸಿದರು. ಹಂಪು ಬಂದರೂ ನಿಧಾನವಿಲ್ಲ. ಎರಡು ಕಡೆ ಸೀಟಿನಿಂದ ಎಗರಿ ಕೂತೆ.

ಅಪ್ಪ ಅಂಗಳದಲ್ಲಿ ಮೊಮ್ಮಗನನ್ನು ಎತ್ತಿಕೊಂಡು ಕಾಗೆ ತೋರಿಸುತ್ತಿದ್ದ. ಹಾಲೇಶಪ್ಪ ಮೇಷ್ಟ್ರು ಅಂದರೆ ಒಂದು ಕಾಲಕ್ಕೆ ಹುಡುಗರು ಬೀದಿ ಬದಲಿಸುತ್ತಿದ್ದರು. ಈಗ ಕಾ ಕಾ ಅನ್ನುತ್ತಾನೆ.

ಮಗು ಅಳುತ್ತಿತ್ತು. ತಮ್ಮನ ಹೆಂಡತಿ ಬಿಂದು ನನ್ನ ಕೈಗೆ ಕೊಟ್ಟಳು. ಬಳೆ ಹಿಡಿದು ಕಚ್ಚಿತು. ಕಚ್ಚುತ್ತಲೇ ಸುಮ್ಮನಾಯಿತು.

"ಅಕ್ಕಾ, ನಿಮ್ಮ ಕೈಗೆ ಬಂದ್ರೆ ಹೆಂಗೆ ಸುಮ್ಮನಾಗ್ತಾನೆ ನೋಡ್ರಿ. ಇಟ್ಕೊಂಡುಬಿಡ್ರಿ ನೀವೇ."

ನಕ್ಕೆ. ಭುಜದ ಮೇಲೆ ಮಲಗಿಸಿಕೊಂಡು ಪಡಸಾಲೆಯಲ್ಲಿ ಓಡಾಡಿದೆ. ಆ ಭಾರ... ಕೃತಿಕಾಳದೂ ಹೀಗೇ ಇತ್ತಾ? ಮರೆತೇಹೋಗಿದೆ. ಕಿವಿಯ ಹಿಂದೆ ಹರಳೆಣ್ಣೆಯ ವಾಸನೆ. ಅದು ಮಾತ್ರ ನೆನಪಾಯಿತು.

ವಾಪಸ್ ಬರುವಾಗ ಊರು ದಾಟಿದ ಮೇಲೆ ಇವರ ಬೆನ್ನಿಗೆ ಹೇಳಿದೆ. ಎದುರಿಗಾದರೆ ಹೇಳಲು ಆಗುತ್ತಿರಲಿಲ್ಲ.

"ರೀ. ನಂಗೆ ಆಗಿಲ್ಲ. ಎರಡು ತಿಂಗಳು ಮೇಲಾತು."

ಗಾಳಿಗೆ ಕೇಳಿಸಲಿಲ್ಲ ಅಂದುಕೊಂಡೆ. ಮುಂದೆ ಒಂದು ಹಂಪು. ಸ್ಕೂಟರ್ ನಿಧಾನವಾಯಿತು. ಕಾಲು ನೆಲಕ್ಕೆ ಊರಿ, ಮೊಸರಿನ ಗಡಿಗೆ ಇಟ್ಟುಕೊಂಡವರ ಹಾಗೆ ಮೆಲ್ಲಗೆ ದಾಟಿಸಿದರು. ಆಮೇಲೆ ದಾರಿಯುದ್ದಕ್ಕೂ ಹಾಗೇ. ಹಿಂದಿನಿಂದ ಲಾರಿಗಳು ಹಾರ್ನ್ ಹೊಡೆದವು, ಸೈಕಲ್ಲಿನವನೂ ನಮ್ಮನ್ನು ದಾಟಿ ಹೋದ.

ಮನೆ ಮುಂದೆ ನಿಲ್ಲಿಸಿ, ಹೆಲ್ಮೆಟ್ ತೆಗೆಯದೇ ಅಂದರು, "ನಿಂಗೆ ಹೆಂಗೆ ಬೇಕೋ ಹಂಗೆ. ಇಟ್ಕೊಂಡ್ರೂ ಸೈ, ಬ್ಯಾಡ ಅಂದ್ರೂ ಸೈ. ನಾನು ಅದೀನಿ."

ಹೆಲ್ಮೆಟ್ಟಿನ ಗಾಜಿನಲ್ಲಿ ನನ್ನದೇ ಮುಖ ಕಂಡಿತು. ಅವರದು ಕಾಣಲಿಲ್ಲ.

ಏಪ್ರಿಲ್ ೩೦, ಬಸವ ಜಯಂತಿ

ಮನೆಯಲ್ಲಿ ಹೋಳಿಗೆ. ಇವರು ಅಂಗಡಿಯಿಂದ ಪೇಪರಿನಲ್ಲಿ ಏನೋ ಸುತ್ತಿ ತಂದು ದೇವರ ಮನೆಯ ಗೂಡಿನಲ್ಲಿಟ್ಟರು. ಬಿಚ್ಚಿ ನೋಡಿದೆ. ಕೂಸಿಗೆ ಹಾಲು ಕುಡಿಸುವ ಒಳಲೆ. ಅಂಗೈಯಷ್ಟೂ ಇಲ್ಲ. ಹಿತ್ತಾಳೆಯದು, ಮೂತಿ ಸಪೂರ.

"ಹಳೆ ಸ್ಟಾಕ್‌ನಾಗೆ ಸಿಕ್ತು. ಈಗ ಯಾರೂ ಕೇಳಲ್ಲ ಇವನ್ನ," ಅಂದರು. ನನ್ನ ಕಡೆ ನೋಡಿ ಅಂದರು, ಬಾಗಿಲ ಕಡೆ ಅಲ್ಲ.

ನನಗಿನ್ನೂ ಡಾಕ್ಟರ ಹತ್ತಿರ ಹೋಗಬೇಕು ಅನ್ನಿಸಿಲ್ಲ. ಸ್ಕೂಲಿನಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು ನಾನು. ಮೆಡಿಕಲ್ ಶಾಪಿನಲ್ಲಿ ಕಿಟ್ ಸಿಗುತ್ತದೆ, ಐದು ನಿಮಿಷದ ಕೆಲಸ. ಗೊತ್ತು. ಆದರೆ ಪರೀಕ್ಷೆ ಮಾಡಿದರೆ ಉತ್ತರ ಬರುತ್ತದೆ. ಉತ್ತರ ಬಂದರೆ ನಿರ್ಧಾರ, ನಿರ್ಧಾರದ ಹಿಂದೆ ಓಡಾಟ, ಜನರ ಮಾತು. ಇನ್ನೊಂದು ನಾಲ್ಕು ದಿನ ಹೀಗೇ ಇರಲಿ. ಮಧ್ಯಾಹ್ನದ ಬಿಸಿಲು, ಕಿಟಕಿಗೆ ಹಾಕಿದ ಒದ್ದೆ ಸೀರೆ, ಫ್ಯಾನಿನ ಸದ್ದು, ಹೊಟ್ಟೆಯ ಮೇಲೆ ಕೈ. ಈ ಬೇಸಿಗೆ ಎಲ್ಲಿಗೂ ಹೋಗುವ ಅವಸರದಲ್ಲಿಲ್ಲ. ನಾನೂ.

ಮೇ ೩

ಕೃತಿಕಾಗೆ ಗೊತ್ತಾಯಿತು. ಅತ್ತೆ ಹಾಲಿನವಳ ಹತ್ತಿರ "ಒಂದು ಲೀಟರ್ ಜಾಸ್ತಿ ಹಾಕು, ಮನಿಯಾಗೆ ಬಸುರಿ ಅದಾಳೆ" ಅಂದದ್ದು ಕೇಳಿಸಿಕೊಂಡು ಸೀದಾ ಅಡುಗೆಮನೆಗೆ ಬಂದಳು.

"ಅಮ್ಮ, ಯಾರು ಬಸುರಿ?"

ನಾನು ಸೊಪ್ಪು ಬಿಡಿಸುತ್ತಿದ್ದೆ. ಬಿಡಿಸುತ್ತಲೇ ಇದ್ದೆ.

"ಅಮ್ಮಾ! ನಿಂಗೇನು ತಲೆ ಕೆಟ್ಟೈತಾ? ನಾನು ಸೆಕೆಂಡ್ ಪಿಯು ಈಗ. ಫ್ರೆಂಡ್ಸ್‌ಗೆ ಏನಂತ ಹೇಳ್ಲಿ? ಕಾಲೇಜಿಗೆ ಹೆಂಗೆ ಹೋಗ್ಲಿ ನಾನು?"

"ಕೃತಿಕಾ, ಕೂಡು ಸ್ವಲ್ಪ..."

"ಕೂಡಲ್ಲ. ನಂಗೆ ಅಸಹ್ಯ ಆಗ್ತೈತೆ."

ರೂಮಿನ ಬಾಗಿಲು ಧಡಾರೆಂದಿತು. ಅತ್ತೆ ಎದ್ದರು, ನಾನು ಸೆರಗು ಹಿಡಿದು ಕೂರಿಸಿದೆ. ಸೊಪ್ಪಿನಲ್ಲಿ ದಂಟು ಯಾವುದು ಎಲೆ ಯಾವುದು ಕಾಣದಾಯಿತು.

ಮೇ ೧೧, ಭಾನುವಾರ. ಮೂರು ಗಂಟೆ

ಬರೆಯಲು ಮನಸ್ಸಾಗಲಿಲ್ಲ ಇಷ್ಟು ದಿನ. ಮಗಳು ಊಟಕ್ಕೆ ಬರುತ್ತಾಳೆ, ತಟ್ಟೆ ತೊಳೆದಿಡುತ್ತಾಳೆ, ಹೋಗುತ್ತಾಳೆ. ತನ್ನ ಅಪ್ಪನ ಹತ್ತಿರವೂ ಮಾತಿಲ್ಲ.

ಇವತ್ತು ಮಲಗಿದ್ದೆ. ಅರ್ಧ ನಿದ್ದೆ. ಹಾಸಿಗೆ ಒಂದು ಬದಿಗೆ ವಾಲಿತು. ಕಣ್ಣು ತೆರೆಯಲಿಲ್ಲ. ಶಾಂಪೂ ವಾಸನೆಯಿಂದಲೇ ಗೊತ್ತಾಯಿತು. ನನ್ನ ಬೆನ್ನಿಗೆ ಬೆನ್ನು ಹಚ್ಚಿ ಮಲಗಿದಳು. ಚಿಕ್ಕವಳಿದ್ದಾಗ ಜ್ವರ ಬಂದರೆ ಹೀಗೆ ಮಲಗುತ್ತಿದ್ದಳು.

ಬಹಳ ಹೊತ್ತಾದ ಮೇಲೆ, "ನನ್ನ ರೂಮ್ ಕೊಡಲ್ಲ ನಾನು."

"ಬ್ಯಾಡ."

"ಹುಡುಗಿ ಆದ್ರೆ ನನ್ನ ಹಳೆ ಫ್ರಾಕ್ ಕೊಡ್ತೀನಿ. ಹುಡುಗ ಆದ್ರೆ ಏನೂ ಇಲ್ಲ."

"ಆತು."

ಅವಳ ಉಸಿರು ನಿಧಾನವಾಯಿತು. ಇಬ್ಬರೂ ಐದರ ತನಕ ನಿದ್ದೆ ಮಾಡಿದೆವು. ಎದ್ದಾಗ ಅವಳ ಕಾಲು ನನ್ನ ಕಾಲ ಮೇಲಿತ್ತು. ಎಷ್ಟು ಉದ್ದ ಆಗಿದ್ದಾಳೆ.

ಮೇ ೧೬

ಕನಸಿನಲ್ಲಿ ಆ ಪುಟ್ಟದು ತಿರುಗಿ ನೋಡಿತು. ಮುಖ ಇತ್ತು, ಎದ್ದ ಕೂಡಲೇ ಹೋಯಿತು. ಬಾಯಿ ಮಾತ್ರ ನೆನಪಿದೆ. ಇವರ ಬಾಯಿ. ನಗುವ ಮೊದಲು ಒಂದು ಕಡೆ ಸೊಟ್ಟ ಆಗುತ್ತದಲ್ಲ, ಹಾಗೆ.

ಸಂಜೆ ಇವರು ಅಂಗಡಿಯಿಂದ ಬೇಗ ಬಂದು ಮಲ್ಲಿಗೆ ಗಿಡಕ್ಕೆ ನೀರು ಹಾಕಿದರು. ನೀರಿನ ಬಕೆಟ್ ನನ್ನ ಕೈಗೆ ಮುಟ್ಟಿಸುವುದಿಲ್ಲ. ಅತ್ತೆ ರಾಗಿ ಹುರಿದರು. ಮಗಳು ಕಲ್ಲಂಗಡಿ ಹೆಚ್ಚಿ, ಬೀಜ ತೆಗೆದು ಕೊಟ್ಟಳು. ಬೀಜ ತೆಗೆದು! ಮೂರೂ ಜನ ನನ್ನ ಸುತ್ತ ಕೂತು, ನಾನು ತಿನ್ನುವುದನ್ನು ನೋಡಿದರು. ಎಲ್ಲರೂ ಹೀಗೆ ಒಟ್ಟಿಗೆ ಕೂತು ಎಷ್ಟು ಕಾಲವಾಗಿತ್ತು.

ಆಮೇಲೆ ಕೃತಿಕಾ ಅಂದಳು, "ಡಾಕ್ಟರ್‌ಗೆ ಇನ್ನೂ ತೋರ್ಸಿಲ್ವಾ? ಅಮ್ಮ, ನೀನು ಸೈನ್ಸ್ ಟೀಚರ್! ನಿನ್ನ ಏಜ್‌ಗೆ ರಿಸ್ಕ್ ಇರ್ತೈತೆ. ನಾನೇ ಕರ್ಕೊಂಡು ಹೋಗ್ತೀನಿ."

ಇನ್ನೊಂದು ವಾರ ಬಿಟ್ಟು ಅಂದೆ. ಕೇಳಲಿಲ್ಲ. ಫೋನ್ ತೆಗೆದು ಆಗಲೇ ಅಪಾಯಿಂಟ್‌ಮೆಂಟ್ ಮಾಡಿಬಿಟ್ಟಳು.

ಮೇ ೨೦, ಮಂಗಳವಾರ

ಇಲ್ಲ.

ಮೇ ೨೧

ನಿನ್ನೆ ಅದೊಂದು ಪದ ಬರೆದು ಪೆನ್ನು ಮುಚ್ಚಿದ್ದೆ.

ವಿದ್ಯಾನಗರದ ಕ್ಲಿನಿಕ್ಕು. ಹೊರಗೆ ಸ್ಕೂಟಿಗಳ ಸಾಲು. ಕೃತಿಕಾ ನನ್ನ ಬ್ಯಾಗು ಹಿಡಿದುಕೊಂಡು ಪಕ್ಕದಲ್ಲೇ ಕೂತಿದ್ದಳು. ನಮ್ಮ ಎದುರು ಒಂದು ಎಳೆ ಬಸುರಿ, ಅವಳ ಜೊತೆ ಅವಳ ಅಮ್ಮ. ಆ ಅಮ್ಮನಿಗೆ ನನ್ನ ವಯಸ್ಸೇ. ಅವಳು ಕೃತಿಕಾಳನ್ನು ನೋಡಿ ನನ್ನನ್ನು ಕೇಳಿದಳು, "ಮಗಳಿಗೆ ತೋರ್ಸಾಕೆ ಬಂದ್ರಾ?" ಕೃತಿಕಾ ತಕ್ಷಣ, "ಇಲ್ರಿ, ನಮ್ಮಮ್ಮಂಗೆ," ಅಂದಳು. ತಲೆ ತಗ್ಗಿಸಲಿಲ್ಲ.

ಒಳಗೆ ತಣ್ಣನೆಯ ಜೆಲ್. ಡಾಕ್ಟರಮ್ಮ ಸ್ಕ್ರೀನ್ ನೋಡುತ್ತಲೇ ಇದ್ದರು. ನಾನು ಅವರ ಮುಖ ನೋಡುತ್ತಿದ್ದೆ. ಸ್ಕ್ರೀನ್ ತಿರುಗಿಸಲಿಲ್ಲ.

"ಏನೂ ಇಲ್ಲಮ್ಮ. ಪ್ರೆಗ್ನೆನ್ಸಿ ಅಲ್ಲ ಇದು."

ಆಗಿ... ಹೋಯಿತಾ? ಕೇಳಿದೆ.

"ಹೋಗಿದ್ದಲ್ಲ. ಆಗೇ ಇರಲಿಲ್ಲ. ಮುಟ್ಟು ನಿಲ್ಲೋ ಟೈಮ್ ಬಂದೈತೆ. ಕೆಲವರಿಗೆ ಸ್ವಲ್ಪ ಬೇಗ. ಬ್ಲಡ್ ಟೆಸ್ಟ್ ಬರೀತೀನಿ, ಖಾತ್ರಿ ಆಗ್ಲಿ. ವಾಂತಿ ಆ್ಯಸಿಡಿಟಿಗೆ, ಬಿಸಿಲಿಗೆ." ಒಳ್ಳೆಯ ಹೆಂಗಸು. ಮೆಲ್ಲಗೆ ಹೇಳಿದರು. ನಗಲಿಲ್ಲ.

ಹೊರಗೆ ಬಂದು ಕಬ್ಬಿನ ಹಾಲಿನ ಗಾಡಿ ಹತ್ತಿರ ನಿಂತೆವು. ಇಬ್ಬರಿಗೂ ಒಂದೊಂದು ಗ್ಲಾಸು. ಮೆಷಿನ್ನಿನ ಗೆಜ್ಜೆ ಘಲ್ ಘಲ್ ಅನ್ನುತ್ತಿತ್ತು. ಕೃತಿಕಾ ಕುಡಿಯದೇ ಗ್ಲಾಸಿನ ಒಳಗೆ ನೋಡುತ್ತಿದ್ದಳು.

"ಅಮ್ಮ, ನಾನು ಅವತ್ತು ಅಸಹ್ಯ ಅಂದ್ನಲ್ಲ, ಅದಕ್ಕಾ..."

"ಹುಚ್ಚಿ. ಇಲ್ಲದ್ದು ಮಾತಿಗೆ ಹೋಗ್ತೈತಾ?"

ಅವಳು ರಸ್ತೆಯಲ್ಲೇ ನನ್ನ ಕೈ ಹಿಡಿದುಕೊಂಡಳು. ಸಿಟಿ ಬಸ್ಸಿನಲ್ಲೂ ಬಿಡಲಿಲ್ಲ.

ಮೇ ೨೫

ರಿಪೋರ್ಟ್ ಬಂತು. ಡಾಕ್ಟರಮ್ಮ ಹೇಳಿದ್ದೇ ಸರಿ.

ಮಂಗಳವಾರ ಕ್ಲಿನಿಕ್ಕಿನಿಂದ ಬಂದು ಅತ್ತೆಗೆ ಹೇಳಿದಾಗ "ಹೂಂ" ಅಂದು ಒಳಗೆ ಹೋದರು, ಅಷ್ಟೇ. ಇವರು ನನ್ನ ತಲೆಯ ಮೇಲೆ ಕೈಯಿಟ್ಟು, ತೆಗೆದರು. ಮರುದಿನ ನೋಡಿದರೆ ಗೂಡಿನಲ್ಲಿ ಒಳಲೆ ಇರಲಿಲ್ಲ.

ನಾಚಿಕೆ. ಎಲ್ಲರನ್ನೂ ಕುಣಿಸಿದ ಹಾಗಾಯಿತು. ಹಾಲಿನವಳು ದಿನಾ ಹೆಚ್ಚಿಗೆ ಹಾಲು ಹಾಕಿ "ಹೆಂಗದೀರಿ ಅಕ್ಕಾ?" ಅನ್ನುತ್ತಾಳೆ. ಏನು ಹೇಳಲಿ?

ಅಳಬೇಕು ಅನ್ನಿಸುತ್ತದೆ. ಆದರೆ ಯಾರಿಗೆ? ಸತ್ತವರಿಲ್ಲ. ಹುಟ್ಟಿದವರಿಲ್ಲ. ಮೆಟ್ಟಿಲ ಮೇಲೆ ಬೆನ್ನು ಹಾಕಿ ಕೂತಿದ್ದ ಒಂದು ಮಗು, ನಾನು ಒಬ್ಬಳೇ ನೋಡಿದ್ದು. ಮಲಗಿದರೆ ಈಗ ಕನಸೂ ಬರುವುದಿಲ್ಲ. ಬರೀ ನಿದ್ದೆ.

ಮಗು ಬೇಕಿತ್ತಾ ನನಗೆ? ನಿಜ ಹೇಳಬೇಕೆಂದರೆ ಗೊತ್ತಿಲ್ಲ. ಅವರೆಲ್ಲ ನನ್ನ ಕಡೆ ತಿರುಗಿದ್ದರಲ್ಲ... ಅದು ಬೇಕಿತ್ತು.

ಜೂನ್ ೧, ಭಾನುವಾರ

ಸ್ಕೂಲು ಶುರುವಾಗಿದೆ. ಕೃತಿಕಾಳಿಗೆ ನಾಳೆಯಿಂದ ಕಾಲೇಜು. ನಿನ್ನೆ ಎಂಟನೇ ಕ್ಲಾಸಿಗೆ ಪಾಠ ಮಾಡುತ್ತಾ ಮಧ್ಯದಲ್ಲಿ ನಿಂತುಬಿಟ್ಟೆ. ಮಕ್ಕಳು ಕಾದವು. ಮೈಯೆಲ್ಲ ಕಾವು ಹತ್ತಿ, ಬೆವರಿ, ತಾನೇ ಇಳಿಯಿತು. ಇದಕ್ಕೂ ಹೆಸರಿದೆ, ಓದಿದ್ದೇನೆ. ಓದಿದ್ದೇ ಬೇರೆ.

ಅತ್ತೆ ಎರಡು ದಿನದಿಂದ ಏನೋ ಗುಟ್ಟು. ಬಿಳಿ ಎಳ್ಳು ತರಿಸಿದ್ದಾರೆ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ಕೇಳಿದರೆ "ನಿಂಗ್ಯಾಕ" ಅನ್ನುತ್ತಾರೆ.

ಜೂನ್ ೮, ಭಾನುವಾರ. ಸಂಜೆ

ಬೆಳಿಗ್ಗೆ ಇವರು ಅಂಗಡಿಗೆ ಹೋದ ಮೇಲೆ ಅತ್ತೆ ನನ್ನ ನೆತ್ತಿಗೆ ಎಣ್ಣೆ ಒತ್ತಿದರು. ನೀರು ಹಾಕಿದರು. ಮದುವೆಯಾಗಿ ಬಂದಾಗಿನಿಂದ ಎಂದೂ ಹಾಕಿದವರಲ್ಲ. ಹಸಿರು ಸೀರೆ ಉಡು ಅಂದರು. ಉಟ್ಟೆ. ಕೃತಿಕಾ ಜಡೆ ಹೆಣೆದು ಮಲ್ಲಿಗೆ ಮುಡಿಸಿದಳು. ಅಜ್ಜಿ ಮೊಮ್ಮಗಳು ಮೊದಲೇ ಮಾತಾಡಿಕೊಂಡಿದ್ದಾರೆ! ಪಡಸಾಲೆಯಲ್ಲಿ ಮಣೆ, ಮಣೆಯ ಸುತ್ತ ರಂಗೋಲಿ.

"ಏನಿದು ಅತ್ತೆ?"

"ಕೂಡು, ಹೇಳ್ತೀನಿ."

ಕೂತೆ. ತಟ್ಟೆಯಲ್ಲಿ ಆರತಿ. ಇನ್ನೊಂದು ತಟ್ಟೆಯಲ್ಲಿ ಚಿಗಳಿ, ಎಳ್ಳು ಬೆಲ್ಲ ಕುಟ್ಟಿ ಕಟ್ಟಿದ ಉಂಡೆ. ಹುಡುಗಿ ಮೈನೆರೆದಾಗ ತಿನ್ನಿಸುವ ಚಿಗಳಿ. ನನಗೆ ಹರಿಹರದಲ್ಲಿ ಅಮ್ಮ ತಿನ್ನಿಸಿದ್ದಳು. ಆವತ್ತು ಬೀದಿ ಹೆಂಗಸರೆಲ್ಲ ಬಂದು ಹಾಡಿದ್ದರು, ನಾನು ನಾಚಿ ಅತ್ತಿದ್ದೆ.

ಅತ್ತೆ ನಿಂತೇ ಮಾತಾಡಿದರು. "ದೊಡ್ಡಾಕೆ ಆದಾಗ ಒಸಗೆ ಮಾಡ್ತೀವಿ. ಬಸುರಿಗೆ ಕುಬುಸ ಮಾಡ್ತೀವಿ. ನಿಂತಾಗ ಯಾರೂ ಏನೂ ಮಾಡಲ್ಲ. ನಂಗೆ ನಿಂತಾಗ ಯಾರಿಗೂ ಹೇಳ್ಲಿಲ್ಲ ನಾನು. ನಿಮ್ಮ ಮಾವಗೂ ಇಲ್ಲ. ಒಂದಿನ ದೇವರ ಮನಿ ಸಾರಿಸ್ತಿದ್ದೆ, ಅಳು ಬಂತು. ಯಾಕ ಅಂತ ತಿಳೀಲಿಲ್ಲ. ಕಣ್ಣು ಒರೆಸ್ಕೊಂಡು ಅಡುಗಿಗೆ ಹೋದೆ. ಇಷ್ಟು ವರ್ಷ ಮೈ ದುಡಿದೈತೆ. ಅದಕ್ಕೊಂದು ಆರತಿ ಬ್ಯಾಡೇನು?"

ಆಮೇಲೆ ದನಿ ಇಳಿಸಿ, "ಹೊಟ್ಟೆಯೊಳಗೆ ಕೂಸು ಐತೆ ಅಂತ ನಿನ್ನ ತಲ್ಯಾಗ ಹಾಕಿದಾಕೆನೂ ನಾನೇ," ಅಂದರು.

ಅಲ್ಲ ಅಂದೆ. ನಾನೇ ಅಂದೆ. ಅಷ್ಟರಲ್ಲಿ ಅಳು ಬಂದೇಬಿಟ್ಟಿತು. ಇಷ್ಟು ದಿನ ಎಲ್ಲಿತ್ತೋ. ಯಾರೂ ಸುಮ್ಮನಾಗು ಅನ್ನಲಿಲ್ಲ. ಆರತಿಯ ದೀಪ ಉರಿಯುತ್ತಿತ್ತು, ಇಬ್ಬರೂ ಕಾದರು.

ಅತ್ತೆ ತಟ್ಟೆಯನ್ನು ಕೃತಿಕಾಳ ಕೈಗೆ ಕೊಟ್ಟರು. "ನೀನು ಬೆಳಗವ್ವ. ನಾನು ಮುಟ್ಟೋ ಹಂಗಿಲ್ಲ." ಮಾವ ತೀರಿಕೊಂಡ ಮೇಲೆ ಅತ್ತೆ ಯಾರ ಆರತಿಗೂ ಮುಂದೆ ಬಂದವರಲ್ಲ. ಮದುವೆ ಮನೆಗಳಲ್ಲಿ ಹಿಂದಿನ ಸಾಲಿನಲ್ಲೇ ಕೂರುತ್ತಾರೆ.

"ನೀವೇ ಬೆಳಗ್ರಿ," ಅಂದೆ. "ನೀವು ಬೆಳಗದೇ ನಾನು ಏಳಲ್ಲ."

"ಬ್ಯಾಡ ಸುಧಾ. ನೋಡಿದವರು..."

"ಯಾರಿಗೆ ಏನು? ನಮ್ಮ ಮನಿ."

ಕೃತಿಕಾ ಅಜ್ಜಿಯ ಕೈ ಹಿಡಿದು ತಟ್ಟೆಗೆ ಹಚ್ಚಿದಳು. ಅತ್ತೆ ಬೆಳಗಿದರು. ಹಾಡು ನೆನಪಿಗೆ ಬರಲಿಲ್ಲ ಅವರಿಗೆ, ಗುನುಗಿದರು. ಚಿಗಳಿ ಮುರಿದು ನನ್ನ ಬಾಯಿಗಿಟ್ಟರು. ನಾನು ಅವರ ಬಾಯಿಗೂ ಕೃತಿಕಾಳ ಬಾಯಿಗೂ ಇಟ್ಟೆ. ಮೂರೂ ಜನರ ಹಲ್ಲಿಗೆ ಎಳ್ಳು ಅಂಟಿಕೊಂಡು ಮಾತೇ ಹೊರಡದು. ಕೃತಿಕಾ ಮೊದಲು ನಕ್ಕಳು. ಆಮೇಲೆ ಅತ್ತೆ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು.

ಮೋಡ ಕವಿದಿದೆ. ತಂಪು ಗಾಳಿ. ಇದನ್ನು ಬರೆಯುತ್ತಾ ಕೂತಿದ್ದೇನೆ, ಇವರು ಅಂಗಡಿಯಿಂದ ಬಂದರು. ಇಷ್ಟು ಬೇಗ. ಅತ್ತೆ ಹೊರಗೆ ಅವರಿಗೆ ಏನೋ ಹೇಳುತ್ತಿರುವುದು ಕೇಳಿಸಿತು, ಮೆಲ್ಲಗೆ, ಬಹಳ ಹೊತ್ತು. ಈಗ ರೂಮಿನ ಬಾಗಿಲಲ್ಲಿ ನಿಂತಿದ್ದಾರೆ.

"ಹರಿಹರದಾಗೆ ಹೊಳಿಗೆ ಹೊಸ ನೀರು ಬಂದೈತಂತೆ. ಕೆಂಪಗೆ ಹರೀತೈತಂತೆ. ನೋಡ್ಕೊಂಡು ಬರೋಣ ಬಾ."

ಅಪ್ಪನ ಮನೆಗಾ ಅಂದೆ.

"ಯಾರ ಮನಿಗೂ ಅಲ್ಲ. ನಾವಿಬ್ರೆ."

"ಅಂಗಡಿ?"

"ಮುಚ್ಚಿದೆ."

ಸೀರೆ ಬದಲಿಸುತ್ತೇನೆ, ಒಂದು ನಿಮಿಷ ಅಂದೆ. ಬ್ಯಾಡ, ಹೂವೂ ತೆಗಿಬ್ಯಾಡ, ಹಂಗೇ ಬಾ ಅನ್ನುತ್ತಿದ್ದಾರೆ.

ಹಂಗೇ ಹೊರಟೆ.